ಏಳು ಆಫೀಸು, ಒಂದು ಟಂಟಂ ಹಾರ್ನು

"ಆಗೂದಿಲ್ಲ" ಅಂದವನು ನಮ್ಮ ಕಾಕಾ. ಅಪ್ಪನ ತಮ್ಮ, ಇಂಡಿಯಿಂದ ಹಲಸಂಗಿ ಹಾದಿಗೆ ಟಂಟಂ, ಅಂದರೆ ಮೂರು ಗಾಲಿಯ ಸವಾರಿ ಗಾಡಿ, ಹೊಡೆಯುವವನು. ನಾನು ಕಾಲೇಜಿಗೆ ಹೆಸರು ಹಚ್ಚಿದಾಗಲೂ ಆಗೂದಿಲ್ಲ ಅಂದಿದ್ದ, ಬಿ.ಎಸ್ಸಿ. ಕಡೀ ವರ್ಷಕ್ಕೆ ಬಂದಾಗಲೂ ಆಗೂದಿಲ್ಲ ಅಂದಿದ್ದ. ಎರಡೂ ಆದವು. ಕೆಮಿಸ್ಟ್ರಿ ಒಂದು ಮಾತ್ರ ಎರಡನೇ ಸಲಕ್ಕೆ ಆಯಿತು, ಅದನ್ನು ಆತ ಇವತ್ತಿಗೂ ಬಿಟ್ಟಿಲ್ಲ. ಆದರೆ ಈ ಸಲ ಆತ ಟಂಟಂದ ಎಂಜಿನ್ ಬಂದ್ ಮಾಡಿ, ಕೆಳಗಿಳಿದು, ಸಾವಕಾಶ ಹೇಳಿದ. ಕಾಕಾ ಎಂಜಿನ್ ಬಂದ್ ಮಾಡಿ ಮಾತಾಡಿದನೆಂದರೆ ವಿಷಯ ಗಂಭೀರ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಇಂಡ್ಯಾಗಿನ ಮಂದಿ, ಭೋಂಗಾ ಹೊಡದ ಕೂಡ್ಲೆ ಕೆಲಸಾ ಬಿಟ್ಟು, ಚೀಲಾ ಬಿಟ್ಟು, ಎರಡ ಮಿನಿಟದಾಗ ಹೊರಗ ಬಂದು ಗಿಡದ ಬುಡಕ ಸುಮ್ಮ ನಿಂದ್ರತಾರಾ? ಯವ್ವಾ, ನೀ ಎಷ್ಟ ಓದೀದಿ ನನಗ ಗೊತ್ತಿಲ್ಲ. ಇದಂತೂ ಆಗೂದಿಲ್ಲ."

ನನ್ನ ಕೆಲಸ ಏನೆಂದು ಮಂದಿಗೆ ತಿಳಿಯುವಂತೆ ಹೇಳುವುದು ನನಗೆ ಇನ್ನೂ ಬಂದಿಲ್ಲ. ನಮ್ಮದು ಇಂಡಿಯ ಲಿಂಬಿಕಾಯಿ, ಸಿಂದಗಿಯ ತೊಗರಿ, ಮುದ್ದೇಬಿಹಾಳದ ಕಡಲೆ, ಬಸವನ ಬಾಗೇವಾಡಿಯ ಉಳ್ಳಾಗಡ್ಡಿ ಕೊಂಡು ಹೊರದೇಶಕ್ಕೆ ಕಳಿಸುವ ಕಂಪನಿ. ಈ ನಾಲ್ಕು ಊರಲ್ಲಿ ಒಂದೊಂದು ಆಫೀಸು. ಮಾಲು ಇಳಿಯುವ ಕಡೆ, ದುಬೈ, ಮಲೇಷ್ಯಾ, ಹಾಲೆಂಡ್‌ನಲ್ಲಿ ಇನ್ನೊಂದೊಂದು. ದೊಡ್ಡ ಸಾಹೇಬರು ಕೂಡುವುದು ಪುಣೆಯಲ್ಲಿ, ಅದು ಈ ಲೆಕ್ಕಕ್ಕಿಲ್ಲ. ಈ ಏಳೂ ಆಫೀಸಿನ ಮಂದಿ ನೆಟ್ಟಗೆ ಕೂತು, ಜಾರದೆ ನಡೆದು, ಕರೆಂಟು ಹೊಡೆಸಿಕೊಳ್ಳದೆ ಸಂಜೆಗೆ ಮನೆ ಮುಟ್ಟಬೇಕು, ಎಲ್ಲ ದೇಶದಲ್ಲೂ ಒಂದೇ ನಿಯಮ ನಡೆಯಬೇಕು. ಅದನ್ನು ನೋಡಿಕೊಳ್ಳುವವಳು ನಾನು, ಇಂಡಿಯ ಮಾಳಿಗೆ ಆಫೀಸಿನ ಕಿಟಕಿ ಪಕ್ಕದ ಕುರ್ಚಿಯಿಂದ. ನಮ್ಮವ್ವ ಓಣಿಯಲ್ಲಿ ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: "ನಮ್ಮ ಹುಡುಗಿ ಮಂದಿ ಬೀಳದಂಗ ನೋಡ್ಕೋತಾಳ."

ಲಿಂಬಿ ಆರಿಸುವ ಕೂಲಿಗೆ ಹೋಗಿ ಅವ್ವ ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಸುರಕ್ಷತೆಯ ಡಿಪ್ಲೊಮಾವನ್ನು ವಿಜಯಪುರದ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಮುಗಿಸಿದೆ. ಕೂಡಲು ಜಾಗ ಸಿಕ್ಕ ದಿನ ನಿದ್ದೆ ಬರುತ್ತಿತ್ತು, ಹಾಗಾಗಿ ಪಾಸಾದದ್ದು ನಿಂತ ದಿನಗಳ ಪುಣ್ಯ. ಇದನ್ನೆಲ್ಲ ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಹೆಮ್ಮೆ ಇದೆ.

ಕೆಲಸ ಸಿಕ್ಕದ್ದು ಒಂದು ವರ್ಷದ ಮಾತಿನ ಮೇಲೆ. ಸುರಕ್ಷತೆಯ ಪ್ರಮಾಣಪತ್ರ ಒಂದಿದೆ, ಅದು ಬಂದರೆ ಏಳೂ ಆಫೀಸಿಗೆ ಕೂಡಿ ಒಂದೇ ಬರುತ್ತದೆ. ಒಂದು ಆಫೀಸು ತಪ್ಪಿದರೂ ಯಾರಿಗೂ ಇಲ್ಲ. ನನ್ನ ನೇಮಕದ ಪತ್ರದ ಕೊನೆಯ ಸಾಲು ಹೀಗಿತ್ತು: ವರ್ಷದೊಳಗೆ ಪ್ರಮಾಣಪತ್ರ ಬಂದರೆ ಕಾಯಂ, ಬರದಿದ್ದರೆ ಧನ್ಯವಾದಗಳು. ಅಷ್ಟು ಸಭ್ಯವಾದ ಶಬ್ದಕ್ಕೆ ಅಷ್ಟು ಹೆದರಿದ್ದು ನಾನು ಅದೇ ಮೊದಲು.

ಪರೀಕ್ಷೆಗಳಲ್ಲೆಲ್ಲ ದೊಡ್ಡದು ಬೆಂಕಿಯ ತಾಲೀಮು. ಎಚ್ಚರಿಕೆಯ ಭೋಂಗಾ ಹೊಡೆಯಬೇಕು, ಎಲ್ಲರೂ ಎರಡು ನಿಮಿಷದಲ್ಲಿ ಹೊರಗೆ ಬರಬೇಕು, ಗೊತ್ತುಮಾಡಿದ ಜಾಗದಲ್ಲಿ ನಿಲ್ಲಬೇಕು, ತಲೆ ಎಣಿಸಿದರೆ ಲೆಕ್ಕ ಸರಿ ಬರಬೇಕು. ಕೇಳಲು ಸುಲಭ.

ಸಿಂದಗಿಯಲ್ಲಿ ನಮ್ಮ ಆಫೀಸು ಒಬ್ಬರ ಮನೆಯ ಮೇಲಿದೆ. ಭೋಂಗಾ ಹೊಡೆದಾಗ ಮಂದಿ ಓಡಿ ಇಳಿದರು ನಿಜ, ಆದರೆ ಕೆಳಗೆ ಮನೆಯೊಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು. "ಚಾ ಇಟ್ಟೇನಿ. ಹಂಗ ಹೋಗಬ್ಯಾಡ್ರಿ, ಕುಡದ ಹೋಗ್ರಿ." ಮುಂದಿನ ಸಲ ಚಹಾದ ಕೆಟಲಿಯನ್ನೇ ಅಂಗಳಕ್ಕೆ ಸಾಗಿಸಿದೆ, ಒಂದೂವರೆ ನಿಮಿಷದಲ್ಲಿ ಎಲ್ಲರೂ ಅಂಗಳದಲ್ಲಿದ್ದರು. ಮುದ್ದೇಬಿಹಾಳದಲ್ಲಿ ಎಲ್ಲರೂ ಬಾಗಿಲ ತನಕ ಬಂದು ತಮ್ಮ ತಮ್ಮ ಚಪ್ಪಲಿ ಹುಡುಕುತ್ತ ನಿಂತರು. ಬೆಂಕಿ ಹತ್ತಿದರೂ ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ಹೋಗುವ ಮಂದಿ ಅಲ್ಲ ಅವರು. ಚಪ್ಪಲಿ ಇಡುವ ಹಲಗೆಯನ್ನು ಗೇಟಿನ ಹೊರಗೆ ಹಾಕಿಸಿದೆ. ಬಸವನ ಬಾಗೇವಾಡಿಯ ಮ್ಯಾನೇಜರಂತೂ ತಿಂಗಳ ಅಪಾಯದ ವರದಿಯಲ್ಲಿ "ಏನೂ ಇಲ್ಲ" ಎಂದೇ ಬರೆಯುತ್ತಿದ್ದರು. "ಕೆಟ್ಟದ್ದ ಬರದ್ರ ಬಂದೀತಬೇ ತಂಗಿ, ನಾ ಬರಿಯಾಂವ ಅಲ್ಲ" ಅಂದರು. ಹಾಗಾದರೆ ಏನೇನು ಚೊಲೋ ಇದೆಯೋ ಅದನ್ನೇ ಬರೆಯಿರಿ ಅಂದೆ. ಖುಷಿಯಿಂದ ಬರೆದು ಕಳಿಸಿದರು: "ಮೂರನೇ ಮೆಟ್ಟಿಲು ಬಿಟ್ಟರೆ ಯಾವ ಮೆಟ್ಟಿಲೂ ಮುರಿದಿಲ್ಲ."

ಹೊರದೇಶದವರೇನು ಕಡಿಮೆ ಇರಲಿಲ್ಲ. ಮಲೇಷ್ಯಾದಲ್ಲಿ ಕೂಡುವ ಜಾಗ ಒಂದು ರೊಟ್ಟಿ ಅಂಗಡಿಯ ಮುಂದಿತ್ತು. ಹೊರಗೆ ಬರಲು ಅರ್ಧ ನಿಮಿಷ, ತಿರುಗಿ ಒಳಗೆ ಹೋಗಲು ಒಂದು ತಾಸು. ದುಬೈಯವರು ಹದಿನಾಲ್ಕು ಮಹಡಿ ಇಳಿದು ಬಂದವರು, ಇವತ್ತು ಮತ್ತೆ ಹತ್ತುವುದಿಲ್ಲ ಎಂದು ಕೆಳಗೇ ಕೂತು ಕೆಲಸ ಮಾಡಿದರು. ಹಾಲೆಂಡ್‌ನಲ್ಲಿ ಮಾತ್ರ ಎಲ್ಲವೂ ಬರೆದಿಟ್ಟಂತೆ ನಡೆಯಿತು. ಅಲ್ಲಿ ಇದನ್ನು ನೋಡಿಕೊಳ್ಳುವ ಹೆಣ್ಣುಮಗಳು, ನಮ್ಮ ಕಡೆಯ ಮಾತಿನಲ್ಲಿ ಬಾಯಿಯವರು, ಬಹಳ ಕಟ್ಟುನಿಟ್ಟು, ಮಾತು ಮಾತ್ರ ಮೆತ್ತಗೆ.

ಏಳರಲ್ಲಿ ಆರು ಹಾದಿಗೆ ಬಂದವು. ಉಳಿದದ್ದು ನಾನು ಕೂತಿದ್ದ ಇಂಡಿ.

ಇಂಡಿ ಆಫೀಸಿನಲ್ಲಿ ನಾವು ಹನ್ನೊಂದು ಮಂದಿ. ಮೊದಲ ತಾಲೀಮಿನ ದಿನ ನಾನು ಬೇವಿನ ಗಿಡದ ಕೆಳಗೆ ಹಾಳೆ ಹಿಡಿದು ನಿಂತೆ. ಅದನ್ನು ಏಳೂ ಆಫೀಸಿನವರು ನೋಡಲಿ ಎಂದು ಮೊಬೈಲನ್ನು ಗಿಡಕ್ಕೆ ಕಟ್ಟಿದ್ದೆ. ಭೋಂಗಾ ಹೊಡೆಯಿತು. ಒಂದು ನಿಮಿಷವಾದರೂ ಹೊರಗೆ ಒಬ್ಬರೂ ಬರಲಿಲ್ಲ. ಬದಲಿಗೆ ಓಣಿಯೇ ಒಳಗೆ ನುಗ್ಗಿತು.

ಚಾದಂಗಡಿಯವನು ಎರಡು ಕೊಡ ನೀರು ಹೊತ್ತು ಓಡಿದ. ಕಟಿಂಗ್ ಅಂಗಡಿಯಿಂದ ಅರ್ಧ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡ ಗಿರಾಕಿ, ಅವನ ಹಿಂದೆ ಕತ್ತಿ ಹಿಡಿದೇ ಕಟಿಂಗ್ ಮಾಡುವವನು. ಎದುರುಮನೆಯ ಆಯಿ ತಾನು ಹೊದೆಯುವ ಕೌದಿಯನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಅದನ್ನು ಎಳೆದುಕೊಂಡು ಮೆಟ್ಟಿಲು ಹತ್ತಿದಳು. ಎಂಬತ್ತರ ಹತ್ತಿರದ ಮುದುಕಿ, ಹಾದಿ ಬಿಡ್ರೋ ಎಂದು ಒದರುತ್ತ ಎಲ್ಲರಿಗಿಂತ ಮುಂದೆ ಹೋದಳು. ನಮ್ಮ ಉಳಿದ ಹತ್ತೂ ಮಂದಿ ಒಳಗೇ ಇದ್ದರು, ಬೆಂಕಿ ಎಲ್ಲಿದೆ ಎಂದು ಮೇಜಿನ ಕೆಳಗೆ ಹುಡುಕುತ್ತಿದ್ದರು. ಬೆಂಕಿ ಸಿಗಲಿಲ್ಲ. ಒಯ್ದ ನೀರನ್ನು ತಿರುಗಿ ತರುವುದು ಯಾರಿಗೂ ಸರಿ ಕಾಣಲಿಲ್ಲವೆಂದು ತೋರುತ್ತದೆ, ಒಂದು ಕೊಡ ಪ್ರಿಂಟರಿನ ಮೇಲೆ ಹೋಯಿತು. ಆಯಿಯ ಕೌದಿ ಕಿಟಕಿಯ ಬಳಿ ನಿಂತಿದ್ದ ನಮ್ಮ ಮ್ಯಾನೇಜರ್ ಸಾಹೇಬರ ಮೇಲೆ ಬಿತ್ತು, ಅದು ಗಿಡದ ಮೊಬೈಲಿಗೂ ಕಂಡಿತು.

"ಅಲುಗಾಡಬ್ಯಾಡೋ ತಮ್ಮಾ! ಒಳಗ ಇನ್ನಾ ಹೊಗಿ ಐತಿ!" ಎಂದು ಆಯಿ ಕೌದಿಯನ್ನು ಒತ್ತಿ ಹಿಡಿದಿದ್ದಳಂತೆ.

"ಆಯೀ, ಅದು ಹೊಗಿ ಅಲ್ಲ, ನನ್ನ ಉಸರ!" ಎಂದು ಒಳಗಿನಿಂದ ಸಾಹೇಬರು.

ಮರುದಿನ ಏಳು ಆಫೀಸಿನ ವಿಡಿಯೋ ಮೀಟಿಂಗ್. ಎಲ್ಲರೂ ನೋಡಿಯಾಗಿತ್ತು. ದುಬೈಯವರು ನಗು ತಡೆಯಲಾರದೆ ಕ್ಯಾಮೆರಾ ಬಂದ್ ಮಾಡಿದ್ದರು. ಹಾಲೆಂಡಿನ ಬಾಯಿ ಮಾತ್ರ ನಗಲಿಲ್ಲ.

"ಆ ಬೆಂಕಿ ಆರಿಸುವ ಕಂಬಳಿ ಬಹಳ ದಪ್ಪ ಇದ್ದಂತಿದೆ. ಒಬ್ಬ ಮನುಷ್ಯನನ್ನು ಪೂರ್ತಿ ಮುಚ್ಚಿತು. ಯಾರು ಪೂರೈಸುತ್ತಾರೆ?" ಎಂದು ಕೇಳಿದರು.

"ಎದುರುಮನೆಯವರು" ಅಂದೆ.

ಅವರು ಅದನ್ನು ಬರೆದುಕೊಂಡರು.

ಪುಣೆಯ ಸಾಹೇಬರು ಬರೆದುಕೊಳ್ಳಲಿಲ್ಲ. "ತಪಾಸಣೆಗೆ ಮೂರು ತಿಂಗಳಿದೆ. ಹೊರಗೆ ಬರಬೇಕಾದವರು ಹತ್ತು, ಬಂದವರು ಸೊನ್ನೆ. ಒಳಗೆ ಹೋದವರು ಎಷ್ಟು ಎಂದು ಬರೆಯಲು ನಮ್ಮ ಫಾರ್ಮಿನಲ್ಲಿ ಜಾಗವೇ ಇಲ್ಲ" ಅಂದರು.

ಸಂಜೆ ಕಾಕಾನ ಟಂಟಂದಲ್ಲಿ ಮನೆಗೆ ಹೊರಟಾಗ ಆತ ಹಿಂದೆ ತಿರುಗಿಯೂ ನೋಡದೆ ಶುರುಮಾಡಿದ.

"ಹ್ಯಾಂಗಾತು ಬೇ ನಿನ್ನ ನಾಟಕಾ?"

"ನಾಟಕ ಅಲ್ಲ ಕಾಕಾ, ತಾಲೀಮು."

"ಹಾಂ, ತಾಲೀಮು. ಅಲ್ಲಬೇ, ಬೆಂಕಿ ಬಿದ್ದೈತಿ ಅಂತ ಭೋಂಗಾ ಹೊಡದಿ, ಮತ್ತ ಹೊರಗ ಓಡ್ರಿ ಅಂತಿ. ಹೊರಗ ಓಡಿದಾಂವ ನಾಳಿ ಓಣ್ಯಾಗ ಮಾರಿ ಹ್ಯಾಂಗ ತೋರಸಬೇಕು? ಮಂದಿ ನೀರ ಹೊರಾಕತ್ತಾರ, ಇಂವ ಗಿಡದ ಬುಡಕ ಕೈ ಕಟ್ಟಿ ನಿಂತಾನ! ಅಂವಗ ಯಾರ ಹೆಣ್ಣ ಕೊಡ್ತಾರ?"

ಟಂಟಂದಲ್ಲಿದ್ದವರೆಲ್ಲ ಹೌದ್ರಿ ಹೌದ್ರಿ ಅಂದರು. ನನಗೆ ಸಿಟ್ಟು ಬಂದರೂ ಒಂದು ಮಾತು ತಿಳಿಯಿತು. ನನ್ನ ಪುಸ್ತಕದಲ್ಲಿ ಹೊರಗೆ ಓಡಿದವನು ಜಾಣ, ನಮ್ಮೂರಲ್ಲಿ ಹೊರಗೆ ಓಡಿದವನು ಹೇಡಿ. ಇದನ್ನು ಡಿಪ್ಲೊಮಾದಲ್ಲಿ ಯಾರೂ ಕಲಿಸಿರಲಿಲ್ಲ.

ಎರಡನೇ ಸಲ ಜಾಣತನ ಮಾಡಲು ಹೋದೆ. ಮನೆ ಮನೆಗೆ ಹೋಗಿ, ಸೋಮವಾರ ಹನ್ನೊಂದಕ್ಕೆ ಭೋಂಗಾ ಹೊಡೆಯುತ್ತದೆ, ಬೆಂಕಿ ಸುಳ್ಳು, ಯಾರೂ ಬರಬೇಡಿರಿ ಎಂದು ಹೇಳಿ ಬಂದೆ. ಸೋಮವಾರ ಹತ್ತೂವರೆಗೇ ಜನ ನೆರೆದರು. ಬೇವಿನ ಗಿಡದ ಕೆಳಗೆ ನನಗೇ ನಿಲ್ಲಲು ಜಾಗ ಇರಲಿಲ್ಲ. ಚುರುಮುರಿ ಗಾಡಿಯವನು ಬಂದ. ಆಯಿ ಈ ಸಲ ಒಣ ಕೌದಿ ತಂದು ಹಾಸಿಕೊಂಡು ಕೂತಳು. ಭೋಂಗಾ ಹೊಡೆಯಿತು. ನಮ್ಮವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು, ಅಷ್ಟೇ.

"ಬರ್ರಿ ಹೊರಗ!" ಎಂದು ನಾನು ಕೂಗಿದೆ.

"ಸುಳ್ಳ ಬೆಂಕಿಗೆ ಖರೇ ಓಡೂದ ಯಾಕ್ರೀ ಮೇಡಂ?" ಎಂದು ಮೇಲಿನಿಂದ ನಮ್ಮ ಲೆಕ್ಕಪತ್ರದವರು. ಕೆಳಗಿನ ಮಂದಿ ಚಪ್ಪಾಳೆ ಹೊಡೆದರು.

ಆಮೇಲೆ ಕೆಲ ದಿನ ನನಗೆ ಊಟ ಸೇರಲಿಲ್ಲ. ಪತ್ರದ ಆ ಧನ್ಯವಾದಗಳು ನನ್ನನ್ನು ನೋಡಿ ಕೈ ಬೀಸಿದಂತೆ ಕಾಣುತ್ತಿತ್ತು. ಅವ್ವ ಮತ್ತೆ ಕೂಲಿಗೆ ಹೋಗುವುದು ಬೇಡವೆಂದು ಆಕೆಯ ಬುಟ್ಟಿ ಕಸಿದು ಅಟ್ಟಕ್ಕೆ ಹಾಕಿದವಳು ನಾನು. ಆ ಬುಟ್ಟಿಯನ್ನು ಇಳಿಸಿ ಕೊಡುವ ಧೈರ್ಯ ನನಗಿರಲಿಲ್ಲ.

ಒಂದು ದಿನ ಸಂಜೆ ಐದೂವರೆಗೆ ಮೆಟ್ಟಿಲ ಬುಡದಲ್ಲಿ ಸುಮ್ಮನೆ ಕೂತಿದ್ದೆ. ಹೊರಗೆ ಕಾಕಾ ಬಂದು ಟಂಟಂ ನಿಲ್ಲಿಸಿ, ಎರಡು ಸಲ ಗಿಡ್ಡಗೆ ಹಾರ್ನ್ ಹೊಡೆದ. ಅಂದರೆ ಬಂದೇನಿ ಎಂದು ಅರ್ಥ. ಮೇಲೆ ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಆತ ಬಿಟ್ಟೂ ಬಿಡದೆ ಒಂದೇ ಸಮನೆ ಒತ್ತಿದ. ಹೊಂಟೆ, ಇದೇ ಕಡೀ ಗಾಡಿ ಎಂದು ಅರ್ಥ. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ಮೇಲೆ ಕುರ್ಚಿಗಳು ಸರಿದ ಸಪ್ಪಳ. ನನ್ನ ಎಡಕ್ಕೂ ಬಲಕ್ಕೂ ಮಂದಿ ಹಾರಿ ಹೋದರು. ಅರ್ಧ ಬರೆದ ಬಿಲ್ಲು ಬಿಟ್ಟವರು, ಟಿಫಿನ್ ಡಬ್ಬಿ ಮರೆತವರು, ಕುಡಿಯುತ್ತಿದ್ದ ಚಹಾ ಇಟ್ಟು ಬಂದವರು. ಮ್ಯಾನೇಜರ್ ಸಾಹೇಬರು ಸ್ವಂತ ಮೋಟಾರ್‌ಸೈಕಲ್ ಇದ್ದರೂ ಅದನ್ನು ಮರೆತು ಓಡಿದರು. ಗಡಿಯಾರ ನೋಡಿದೆ, ಇನ್ನೂ ಒಂದು ನಿಮಿಷವಾಗಿರಲಿಲ್ಲ. ಹೊರಗೆ ಹೋಗಿ ನೋಡಿದರೆ ಹತ್ತೂ ಮಂದಿ ಬೇವಿನ ಗಿಡದ ಕೆಳಗೆ. ಓಣಿಯಲ್ಲಿ ಒಬ್ಬರೂ ತಿರುಗಿ ನೋಡಿರಲಿಲ್ಲ. ಕಡೀ ಗಾಡಿಗೆ ಓಡುವವನನ್ನು ಯಾರೂ ಹೇಡಿ ಅನ್ನುವುದಿಲ್ಲವಲ್ಲ.

ನನಗೆ ಅಲ್ಲೇ ಕುಣಿಯುವಂತಾಯಿತು. "ಕಾಕಾ, ನಿನ್ನ ಹಾರ್ನ್ ಬೇಕು!"

"ಹಾರ್ನ್ ಕೊಟ್ರ ನಾ ಬಾಯಿಲೆ ಒದರ್ಲೇನು?"

"ಅದರಂಥಾದ್ದು ಇನ್ನೊಂದು."

ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ದುಬೈಯ ಕ್ಯಾಮೆರಾ ಮತ್ತೆ ಬಂದ್ ಆಯಿತು. ಹಾಲೆಂಡಿನ ಬಾಯಿ ನಿಯಮದ ಪುಸ್ತಕ ತೆಗೆದು ಓದಿದರು. ಎಚ್ಚರಿಕೆಯ ಸದ್ದು ಕಟ್ಟಡದಲ್ಲಿರುವ ಎಲ್ಲರಿಗೂ ಕೇಳಿಸಬೇಕು, ಕೇಳಿದ ಕೂಡಲೇ ಹೊರಗೆ ಹೋಗಬೇಕೆಂದು ಎಲ್ಲರಿಗೂ ತಿಳಿಯಬೇಕು. ಇಂಥದ್ದೇ ಸದ್ದು ಎಂದು ಪುಸ್ತಕದಲ್ಲಿ ಇಲ್ಲ.

"ತಿಳಿಯುತ್ತದೆಯೇ?" ಎಂದರು.

"ಇಂಡಿಯಲ್ಲಿ ಹುಟ್ಟಿದ ಮೇಲೆ ತಿಳಿಯದೆ ಇರಲು ಸಾಧ್ಯವಿಲ್ಲ" ಅಂದೆ.

ಗಾಡಿಯ ಫೋಟೋ ಕಳಿಸಲು ಹೇಳಿದರು. ನನ್ನ ಬಳಿ ಇದ್ದ ಒಂದೇ ಫೋಟೋದಲ್ಲಿ ಆರು ಮಂದಿ ಒಳಗೆ, ಐದು ಮಂದಿ ಜೋತುಬಿದ್ದು ನಿಂತಿದ್ದರು. ಸುರಕ್ಷತೆಯವಳಾಗಿ ಅದನ್ನು ಕಳಿಸಲಿಲ್ಲ. ಮರುದಿನ ಮುಂಜಾನೆ ಖಾಲಿ ಗಾಡಿಯ ಫೋಟೋ ತೆಗೆದೆ. ಕಾಕಾ ಅದರ ಮುಂದೆ ಕೂದಲು ಬಾಚಿಕೊಂಡು ನಿಂತ.

ಟಂಟಂ ಸಿಂಗರಿಸುವ ಅಂಗಡಿಯಿಂದ ಅಂಥದ್ದೇ ಹಾರ್ನ್ ತಂದು ಗೋಡೆಗೆ ಕೂಡಿಸಿದೆವು. ಸಂಜೆಯ ಗಾಡಿಗೆ ಗೊಂದಲವಾಗದಿರಲೆಂದು ಕಾಕಾ ಇನ್ನು ಮೇಲೆ ಎರಡು ಗಿಡ್ಡ ಹಾರ್ನ್ ಮಾತ್ರ ಹೊಡೆಯಬೇಕು, ಉದ್ದ ಹಾರ್ನ್ ಬೆಂಕಿಗೆ ಮೀಸಲು ಎಂದು ಒಪ್ಪಂದ. ಮೂರು ಸಲ ಹೇಳದೆ ಒತ್ತಿ ನೋಡಿದೆ. ಮೂರನೇ ಸಲಕ್ಕೆ ಇದು ತಾಲೀಮು ಎಂದು ಎಲ್ಲರಿಗೂ ಗೊತ್ತಿತ್ತು, ಆದರೆ ಅದು ತಲೆಗೆ ಹೊಳೆಯುವಷ್ಟರಲ್ಲಿ ಕಾಲುಗಳು ಅಂಗಳ ಮುಟ್ಟಿದ್ದವು. ಆದರೂ ಕಾಕಾನ ಮಾತು ಬದಲಾಗಲಿಲ್ಲ. "ಸಾಹೇಬ ಬಂದ ದಿನ ನೋಡು, ಕೆಡತೈತಿ. ಆಗೂದಿಲ್ಲ." ಕೆಡುವುದನ್ನು ನೋಡಲೆಂದೇ ಆತ ತಪಾಸಣೆಯ ದಿನ ಟ್ರಿಪ್ ಬಿಟ್ಟು ಮುಂಜಾನೆಯಿಂದ ಗಿಡದ ಕೆಳಗೆ ಕೂತ.

ತಪಾಸಣೆಗೆ ಬಂದವರು ಎತ್ತರದ ಆಳು, ಮಾತು ಕಡಿಮೆ. ಉಳಿದ ಆರು ಆಫೀಸು ನೋಡಿ ಮುಗಿದಿತ್ತು, ಆರೂ ಪಾಸು. ಕುರ್ಚಿ, ವೈರು, ಮೆಟ್ಟಿಲು ಎಲ್ಲ ನೋಡಿದರು. ಆಮೇಲೆ ನನಗೆ ಕೆಳಗೆ ಹೋಗಿ ನಿಲ್ಲಲು ಹೇಳಿ, ತಾವೇ ಹೋಗಿ ಹಾರ್ನಿನ ಗುಂಡಿ ಒತ್ತಿದರು.

ನಮ್ಮ ಮಂದಿ ಹಾರಿ ಬಂದರು. ಅವರ ಜೊತೆಗೆ, ರಸ್ತೆಯಾಚೆ ನಿಂತಿದ್ದ ನಾಲ್ಕು ಮಂದಿ ಚೀಲ ಹೊತ್ತು ಓಡಿ ಬಂದು ಕಾಕಾನ ಟಂಟಂ ಹತ್ತಿ ಕೂತರು.

"ಏ ಇಳೀರಿ ಇಳೀರಿ! ಇದು ಎಲ್ಲೂ ಹೋಗೂದಿಲ್ಲ. ಇದು ಬೆಂಕಿ ಗಾಡಿ!" ಎಂದು ಕಾಕಾ.

"ಬೆಂಕಿ ಗಾಡಿ ಎಲ್ಲೀ ಮಟಾ ಹೋಗತೈತ್ರಿ?" ಎಂದು ಅದರಲ್ಲೊಬ್ಬ ಹೆಣ್ಣುಮಗಳು. "ನಮಗ ದೇವರ ಹಿಪ್ಪರಗಿಗೆ ಹೋಗೂದೈತಿ."

ನಾನು ಅವರನ್ನು ಬಿಟ್ಟು ನಮ್ಮವರನ್ನು ಎಣಿಸಿದೆ. ನನ್ನನ್ನೂ ಸೇರಿಸಿ ಹನ್ನೊಂದು. ಹಾಳೆಯಲ್ಲೂ ಹನ್ನೊಂದು. ಸಮಯ ಒಂದು ನಿಮಿಷ ಹತ್ತು ಸೆಕೆಂಡು. ಲೆಕ್ಕ ಪೂರ್ತಿ ಎಂದು ಸಹಿ ಮಾಡಲು ಪೆನ್ನು ಊರಿದ್ದೆ.

"ನಿಂದ್ರಬೇ" ಅಂದ ಕಾಕಾ. "ಒಂದ ಸೀಟ ಕಡಿಮಿ ಐತಿ."

ಟಂಟಂದವರಿಗೆ ಮನುಷ್ಯರು ಅಂದರೆ ಸೀಟು. ಹಿಂದೆ ಎಷ್ಟು ಸೀಟು ಇದೆ, ಯಾವ ಸೀಟು ಎಲ್ಲಿ ಇಳಿಯಿತು, ಕಾಕಾ ತಿರುಗಿ ನೋಡದೆ ಹೇಳುತ್ತಾನೆ.

"ಹನ್ನೊಂದೂ ಅದಾವ ಕಾಕಾ, ಹಾಳ್ಯಾಗೂ ಅಷ್ಟ ಐತಿ."

"ನಿನ್ನ ಹಾಳಿ ನನಗ ಗೊತ್ತಿಲ್ಲ. ಮುಂಜಾನಿಂದ ಒಳಗ ಹೋದ ಸೀಟ ಹನ್ನೆರಡು. ಇಳದದ್ದು ಹನ್ನೊಂದು. ಒಂದ ಸೀಟ ಒಳಗ ಉಳದೈತಿ."

ಊರಿದ್ದ ಪೆನ್ನನ್ನು ಎತ್ತಿದೆ. ಭೇಟಿಗೆ ಬಂದವರನ್ನೂ ಲೆಕ್ಕ ಹಿಡಿಯಬೇಕು, ಅದೇ ನಿಯಮ. ಏಳು ಆಫೀಸಿಗೂ ಅದನ್ನು ಬರೆದು ಕಳಿಸಿದವಳು ನಾನೇ. ನನ್ನ ಹಾಳೆಯಲ್ಲೇ ಅದಿರಲಿಲ್ಲ.

ಅಷ್ಟರಲ್ಲಿ ಕಾಕಾ ಬಾಗಿಲಿಗೆ ಹೋಗಿ, ದೇವರ ಹಿಪ್ಪರಗಿ ತನಕ ಕೇಳುವಂತೆ ಒದರಿದ: "ಏ ಉದ್ದನ್ನ ಸಾಹೇಬ್ರ! ಗಾಡಿ ತುಂಬೈತಿ, ನಿಮ್ಮ ಒಂದ ಸೀಟಿಗೆ ಎಲ್ಲಾರೂ ಕಾಯಾಕತ್ತಾರ್ರಿ! ಲಗೂನ ಬರ್ರಿ!"

ಮೇಲೆ ಕಡತದ ಕೋಣೆಯ ಬಾಗಿಲು ತೆರೆದ ಸಪ್ಪಳ. ತಪಾಸಣೆಯವರು ಪ್ಯಾಂಟಿಗೆ ಹತ್ತಿದ ಧೂಳು ಝಾಡಿಸುತ್ತ ಇಳಿದು ಹೊರಗೆ ಬಂದರು. ಬೇಕೆಂದೇ ಕಪಾಟಿನ ಹಿಂದೆ ಅಡಗಿ ಕೂತಿದ್ದರಂತೆ. ತಲೆ ಎಣಿಸುವವರು ನಿಜವಾಗಿ ಎಣಿಸುತ್ತಾರೋ, ಹಾಳೆ ನೋಡಿ ಸಹಿ ಹಾಕುತ್ತಾರೋ ನೋಡಲು.

"ಒಬ್ಬರು ಕಡಿಮೆ ಎಂದು ಕಂಡುಹಿಡಿದದ್ದು ಯಾರು?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಮ್ಮ ಕಾಕಾ. ನಾನು ತಪ್ಪಿದ್ದೆ" ಅಂದೆ.

ಅವರು ಕಾಕಾನನ್ನು ಮೇಲಿಂದ ಕೆಳಗೆ ನೋಡಿದರು. "ಇವರು ನಿಮ್ಮ ತಂಡದವರೇ?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಅಂಗಿಯ ಗುಂಡಿ ಹಾಕಿಕೊಂಡು, "ಹೌದ್ರೀ, ಸೀಟ ಎಣಸೂ ಕೆಲಸಾ ನಂದ" ಅಂದ.

ಅವರು ಅದನ್ನೂ ಬರೆದುಕೊಂಡು ಹೋದರು. ಹದಿನೈದು ದಿನ ಕಳೆದ ಮೇಲೆ ಪುಣೆಯಿಂದ ಫೋನು ಬಂತು. ಏಳೂ ಪಾಸು. ಇಂಡಿಯ ಬಗ್ಗೆ ಒಂದೇ ಸೂಚನೆ: ಭೇಟಿಗೆ ಬಂದವರ ಹೆಸರೂ ಹಾಳೆಯಲ್ಲಿ ಇರಲಿ, ಎಣಿಸುವವರನ್ನು ಬದಲಿಸಬೇಡಿ.

ಪ್ರಮಾಣಪತ್ರ ಕೊಡಲು ಪುಣೆಯ ಸಾಹೇಬರು ಖುದ್ದು ಇಂಡಿಗೆ ಬಂದರು. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿದ್ದೆವು. ಓಣಿಯೆಲ್ಲ ಬಂದಿತ್ತು, ಯಾರೂ ಕರೆದಿರಲಿಲ್ಲ. ವಿಡಿಯೋದಲ್ಲಿ ಹಾಲೆಂಡಿನ ಬಾಯಿ ಕೈ ಬೀಸಿದರು. ಪಕ್ಕದಲ್ಲಿ ದುಬೈಯವರ ಕ್ಯಾಮೆರಾ ಈ ಸಲ ತೆರೆದೇ ಇತ್ತು. ಸಾಹೇಬರು ಗಾಜು ಹಾಕಿಸಿದ ಆ ಕಾಗದವನ್ನು ನನ್ನ ಕೈಗಿಟ್ಟು, ಕಾಯಂ ಆದ ಪತ್ರವನ್ನೂ ಅದರ ಮೇಲಿಟ್ಟರು. ನಾನು ಎರಡನ್ನೂ ಒಯ್ದು ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವನ ಮಡಿಲಿಗೆ ಇಟ್ಟೆ.

ಅವ್ವ ಸೆರಗಿನಿಂದ ಕೈ ಒರೆಸಿಕೊಂಡು, ಗಾಜಿನ ಮೇಲೆ ಸಾವಕಾಶ ಬೆರಳಾಡಿಸಿದಳು. ಏಳು ಊರಿನ ಹೆಸರುಗಳು ಯಾವ ಸಾಲಿನಲ್ಲಿವೆ ಎಂದು ಕೇಳಿ ತೋರಿಸಿಕೊಂಡಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು:

"ಭಾಳ ಚೊಲೋ ಆತು ಬೇ. ಮನಿಗೆ ತಂದ್ರ ಒಲಿ ಹತ್ರ ಇಡಬ್ಯಾಡ, ಸುಟ್ಟೀತು."